ನೇಪರ್‌ವಿಲ್‌ನಂಥ ಊರಿಗೆ ಹೆರಾಯಿನ್ ಬಂದದ್ದು ಹೇಗೆ? ಮಗನಿಗೆ ಏನಂತ ಹೇಳಲಿ?

ತುಂಗಾತೀರ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಶಿಕಾಗೋ ಪಶ್ಚಿಮದ ಕಡೆ, ನೇಪರ್‌ವಿಲ್ ಥರದ ಸಬರ್ಬ್‌ಗಳಲ್ಲಿ ಇರುವವರು ಓದಿದರೆ ಒಳ್ಳೇದು. ಬೇರೆ ಕಡೆಯವರೂ ಗೊತ್ತಿದ್ದರೆ ಹೇಳಿ.

ನಮ್ಮ ಪರಿಚಯದ ಒಂದು ಮನೆಯಲ್ಲಿ ಕಾಲೇಜು ಹುಡುಗ ತೀರಿಕೊಂಡ. ಕನ್ನಡದವರೇ. ಮೊದಲು ಹಾರ್ಟ್ ಅಟ್ಯಾಕ್ ಅಂದರು, ನಾವೂ ನಂಬಿದೆವು. ಆಮೇಲೆ ಯಾರದ್ದೋ ಬಾಯಿಂದ ಗೊತ್ತಾಯಿತು, ಓವರ್‌ಡೋಸ್ ಅಂತೆ. ಹೆಸರು, ಊರು ಎಲ್ಲ ಬೇಡ, ದಯವಿಟ್ಟು ಊಹೆ ಮಾಡೋಕೂ ಹೋಗಬೇಡಿ. ವೈಕುಂಠ ಸಮಾರಾಧನೆಗೆ ಹೋದವರೆಲ್ಲ ಊಟ ಮಾಡಿ, ಲೇಆಫ್ ಬಗ್ಗೆ ಮಾತಾಡಿ, ಕೈ ತೊಳೆದುಕೊಂಡು ಬಂದೆವು. ಹುಡುಗನಿಗೆ ಏನಾಯಿತು ಅಂತ ಒಬ್ಬರೂ ಕೇಳಲಿಲ್ಲ, ನಾನೂ ಕೇಳಲಿಲ್ಲ, ಹೇಗೆ ಕೇಳೋದು ಹೇಳಿ.

ನಮ್ಮಂಥವರು ಇಲ್ಲಿಗೆ ಬಂದದ್ದೇ ಸ್ಕೂಲ್ ನೋಡಿಕೊಂಡು. 204ನೇ ಸ್ಕೂಲ್ ಡಿಸ್ಟ್ರಿಕ್ಟ್ ಬೇಕು ಅಂತ ಶಕ್ತಿ ಮೀರಿ ಸಾಲ ಮಾಡಿ ಮನೆ ತಗೊಂಡೆವು. ಹೆರಾಯಿನ್ ಅಂದರೆ ನನ್ನ ತಲೆಯಲ್ಲಿ ಇದ್ದದ್ದು ಡೌನ್‌ಟೌನ್ ಸೇತುವೆ ಕೆಳಗೆ ಮಲಗುವವರು, ಶಿಕಾಗೋ ನಗರದೊಳಗಿನ ವೆಸ್ಟ್ ಸೈಡ್‌ನ ಮುರುಕು ಮನೆಗಳು, ಅಷ್ಟೇ. ಇಲ್ಲಿ ಪಿಯಾನೋ ಕ್ಲಾಸಿಗೆ, ಭರತನಾಟ್ಯಕ್ಕೆ ಹೋಗುವ ಮಕ್ಕಳ ಕೈಗೆ ಅದು ಹೇಗೆ ಬಂತು?

ಎರಡನೇದು. ನನ್ನ ಮಗನಿಗೆ 16. ಮುಂದಿನ ತಿಂಗಳು ವಿಸ್ಡಮ್ ಟೂತ್ ತೆಗೆಸಬೇಕು. ಡೆಂಟಿಸ್ಟ್ ಮುಂಚೆಯೇ ಚೀಟಿ ಕೊಟ್ಟಿದ್ದಾರೆ, ಹೈಡ್ರೋಕೊಡೋನ್ ಅಂತ, ಹೆರಾಯಿನ್ ಜಾತಿಯದೇ ನೋವಿನ ಔಷಧಿಯಂತೆ, 20 ಮಾತ್ರೆ. ಯಜಮಾನರು "ಡಾಕ್ಟರ್ ಕೊಟ್ಟದ್ದು ತಾನೇ, ನೀನು ಸುಮ್ನೆ ತಲೆ ಕೆಡಿಸಿಕೊಳ್ಳಬೇಡ" ಅನ್ನುತ್ತಾರೆ. ನಾನು ಕೆಡಿಸಿಕೊಂಡಾಗಿದೆ. ಇದನ್ನು ತಗೊಳ್ಳೋದಾ ಬೇಡವಾ?

ಮಗನ ಹತ್ತಿರ ಈ ವಿಷಯ ಹೇಗೆ ಎತ್ತೋದು ಅಂತಲೂ ಗೊತ್ತಿಲ್ಲ. ಬೈಯುವವರು ಬೈಯಿರಿ, ಆದರೆ ಉತ್ತರವನ್ನೂ ಕೊಡಿ.

---

ರಾತ್ರಿಪಾಳಿ ಉತ್ತರ:

ಮೇಡಂ, ನಾನು ವೆಸ್ಟ್ ಸೈಡ್‌ನ ಒಂದು ಆಸ್ಪತ್ರೆಯ ಎಮರ್ಜೆನ್ಸಿಯಲ್ಲಿ ನರ್ಸ್. ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ನೀವು ಓಡಾಡುವ ರಸ್ತೆಯಲ್ಲೇ ಇದೆ. ಐ-290, ಐಸೆನ್‌ಹೋವರ್ ಎಕ್ಸ್‌ಪ್ರೆಸ್‌ವೇ. ಇಲ್ಲಿನ ಪೊಲೀಸರು, ಪತ್ರಿಕೆಯವರು ಅದನ್ನು "ಹೆರಾಯಿನ್ ಹೈವೇ" ಅಂತಲೇ ಕರೆಯುತ್ತಾರೆ. ನಿಮ್ಮ ಕಡೆಯಿಂದ 88 ಹಿಡಿದು 290ಕ್ಕೆ ಸೇರಿದರೆ, ಟ್ರಾಫಿಕ್ ಇಲ್ಲದಿದ್ದರೆ, ಗಂಟೆಯೊಳಗೆ ಆಸ್ಟಿನ್, ಗಾರ್‌ಫೀಲ್ಡ್ ಪಾರ್ಕ್ ಬಡಾವಣೆಗಳು. ಎಕ್ಸಿಟ್ ತಗೊಂಡು ಸ್ವಲ್ಪ ಒಳಗೆ ಹೋದರೆ ಮೂಲೆಯಲ್ಲಿ ನಿಂತ ಹುಡುಗರು "ಬ್ಲೋ, ಬ್ಲೋ" ಅಂತ ಕೂಗುತ್ತಾರೆ. ಶಿಕಾಗೋದಲ್ಲಿ ಹೆರಾಯಿನ್‌ಗೆ ಬೀದಿಯ ಹೆಸರು ಅದು. ಒಂದು ಸಣ್ಣ ಪೊಟ್ಟಣ 10 ಡಾಲರ್. ಗಾಜು ಇಳಿಸಿ, ದುಡ್ಡು ಕೊಟ್ಟು, ಮತ್ತೆ ಹೈವೇ ಹತ್ತುವುದು. ಮನೆ ತಲುಪುವವರೆಗೆ ತಡೆಯಲಾರದೆ ಗ್ಯಾಸ್ ಸ್ಟೇಷನ್ ಬಾತ್‌ರೂಮಿನಲ್ಲೇ ತಗೊಂಡು ಅಲ್ಲೇ ಬೀಳುವವರೂ ಇದ್ದಾರೆ.

ಅಂದರೆ ಅಂಗಡಿ ಬಡವರ ಬೀದಿಯಲ್ಲಿ, ಗಿರಾಕಿ ಎರಡೂ ಕಡೆಯವರು. ಸಿಕ್ಕಿಬಿದ್ದರೆ ಮಾರಿದ ಹುಡುಗ ಜೈಲಿಗೆ ಹೋಗುತ್ತಾನೆ, ಕೊಂಡ ಹುಡುಗ ವಕೀಲರ ಜೊತೆ ಬಂದು ರಿಹ್ಯಾಬ್‌ಗೆ ಹೋಗುತ್ತಾನೆ. ಕಣ್ಣಿಗೆ ಕಂಡದ್ದನ್ನೇ ಹೇಳುತ್ತಿದ್ದೇನೆ.

ನಿಮ್ಮ ಡೂಪೇಜ್ ಕೌಂಟಿಗೆ ಇದು ಹೊಸದೇನೂ ಅಲ್ಲ. 2013ರಲ್ಲಿ ಒಂದೇ ವರ್ಷ ಅಲ್ಲಿ ಹೆರಾಯಿನ್‌ನಿಂದ 40ಕ್ಕೂ ಜಾಸ್ತಿ ಜನ ಸತ್ತರು. ಆಗ ಕೌಂಟಿಯಲ್ಲಿ ಗಾಬರಿ ಆಗಿ, ಪೊಲೀಸರ ಕೈಗೆ ನ್ಯಾಲೊಕ್ಸೋನ್ ಕೊಟ್ಟು ತರಬೇತಿ ಶುರು ಮಾಡಿದರು. ಓವರ್‌ಡೋಸ್ ಇಳಿಸುವ ಔಷಧಿ ಅದು. ನಾರ್ಕಾನ್ ಅಂದರೆ ಅದೇ, ಮೂಗಿನ ಸ್ಪ್ರೇ. ಒಳ್ಳೆಯ ಕೆಲಸ, ಎಷ್ಟೋ ಜೀವ ಉಳಿಯಿತು. ಆದರೆ ಒಂದು ಮಾತು ಹೇಳಲೇಬೇಕು. ಶಿಕಾಗೋ ರಿಕವರಿ ಅಲಯನ್ಸ್ ಅನ್ನುವ ಸ್ವಯಂಸೇವಾ ಸಂಸ್ಥೆಯವರು ಇದೇ ನ್ಯಾಲೊಕ್ಸೋನ್ ಅನ್ನು 1990ರ ದಶಕದಲ್ಲೇ ವ್ಯಾನಿನಲ್ಲಿ ಇಟ್ಟುಕೊಂಡು ಬೀದಿಬೀದಿಯಲ್ಲಿ, ಚಟ ಇರುವವರ ಕೈಗೇ ಕೊಡುತ್ತಿದ್ದರು. ಆಗ ಯಾವ ಕೌಂಟಿಯೂ ಗಮನ ಕೊಡಲಿಲ್ಲ. 2006ರ ಸುಮಾರಿಗೆ ಇಲ್ಲಿ ಹೆರಾಯಿನ್‌ಗೆ ಫೆಂಟನಿಲ್ ಅನ್ನುವ ಬಹಳ ತೀವ್ರವಾದ ನೋವಿನ ಔಷಧಿ ಬೆರೆಸಿದ ಸರಕು ಬಂತು. ಸೌತ್ ಸೈಡ್‌ನ ಡಿಯರ್‌ಬಾರ್ನ್ ಹೋಮ್ಸ್ ಅನ್ನುವ ಸರ್ಕಾರಿ ವಸತಿಯ ಸುತ್ತ ಜನ ಸಾಲಾಗಿ ಬಿದ್ದರು. ಮೆಕ್ಸಿಕೋದ ಟೊಲುಕಾದಲ್ಲಿ ಇದ್ದ ಒಂದೇ ಲ್ಯಾಬ್‌ನ ಮಾಲು. ಅದನ್ನು ಮುಚ್ಚಿಸಿ, ಆ ಸರಕು ಇಳಿಯುವ ಹೊತ್ತಿಗೆ ಶಿಕಾಗೋ, ಡೆಟ್ರಾಯಿಟ್, ಫಿಲಡೆಲ್ಫಿಯಾ ಎಲ್ಲ ಸೇರಿ ಸಾವಿರಕ್ಕೂ ಹೆಚ್ಚು ಜನ ಹೋಗಿದ್ದರು. ಸತ್ತವರು ಬಡವರು, ಹೆಚ್ಚಿನವರು ನಗರದವರು. ಸುದ್ದಿ ನಾಲ್ಕು ದಿನ ಇತ್ತು, ಆಮೇಲೆ ಎಲ್ಲರೂ ಮರೆತರು. ಅವತ್ತೇ ಪಾಠ ಕಲಿತಿದ್ದರೆ ಹತ್ತು ವರ್ಷದ ನಂತರ ಇಡೀ ದೇಶ ಇಷ್ಟು ಪರದಾಡುತ್ತಿರಲಿಲ್ಲ ಅಂತ ನನ್ನ ಅನಿಸಿಕೆ.

ಈಗ ಬೀದಿಯಲ್ಲಿ ಹೆರಾಯಿನ್ ಅಂತ ಸಿಗುವುದರಲ್ಲಿ ಹೆರಾಯಿನ್ ಕಡಿಮೆ, ಫೆಂಟನಿಲ್ಲೇ ಜಾಸ್ತಿ. ಫೆಂಟನಿಲ್ ಹೆರಾಯಿನ್‌ಗಿಂತ ಸುಮಾರು 50 ಪಟ್ಟು ತೀವ್ರ. 2024ರ ಮೇ ತಿಂಗಳಲ್ಲಿ ಮೆಡೆಟೊಮಿಡಿನ್ ಅಂತ ಪ್ರಾಣಿಗಳಿಗೆ ಕೊಡುವ ಮತ್ತಿನ ಔಷಧಿ ಬೆರೆಸಿದ್ದೂ ವೆಸ್ಟ್ ಸೈಡ್‌ಗೆ ಬಂತು. ನಾರ್ಕಾನ್ ಕೊಟ್ಟರೆ ಉಸಿರು ಬರುತ್ತದೆ, ಎಚ್ಚರ ಮಾತ್ರ ಬರುವುದಿಲ್ಲ, ನಾಡಿ ನಿಧಾನವಾಗೇ ಇರುತ್ತದೆ. ಕೊಂಡವನಿಗೆ ಬಿಡಿ, ಮಾರಿದವನಿಗೂ ಪೊಟ್ಟಣದಲ್ಲಿ ಏನಿದೆ ಗೊತ್ತಿರುವುದಿಲ್ಲ.

ಇನ್ನೊಂದು ವಿಷಯ, ಇದು ನಮ್ಮವರಿಗೆ ಗೊತ್ತೇ ಇಲ್ಲ. ಸಬರ್ಬ್‌ನಿಂದ ಬರುವ ಕೇಸುಗಳಲ್ಲಿ ಇಪ್ಪತ್ತರ ಆಸುಪಾಸಿನ ಹುಡುಗರು ಕಾಣುತ್ತಾರೆ. ವೆಸ್ಟ್ ಸೈಡ್‌ನಲ್ಲಿ ಸಾಯುತ್ತಿರುವವರು ಬಹಳ ಮಂದಿ ಐವತ್ತು, ಅರವತ್ತು ದಾಟಿದ ಕಪ್ಪು ಗಂಡಸರು. ಮೂವತ್ತು ನಲವತ್ತು ವರ್ಷ ಹೆರಾಯಿನ್ ತಗೊಂಡೇ ಹೇಗೋ ಕೆಲಸ ಮಾಡಿಕೊಂಡು, ಸಂಸಾರ ಮಾಡಿಕೊಂಡು ಬದುಕಿದ್ದವರು. ಸರಕು ಬದಲಾಯಿತು, ಅವರು ಸತ್ತರು. 2022ರಲ್ಲಿ ಶಿಕಾಗೋ ಇರುವ ಕುಕ್ ಕೌಂಟಿಯಲ್ಲಿ ಓಪಿಯಾಯ್ಡ್‌ನಿಂದ, ಅಂದರೆ ಹೆರಾಯಿನ್, ಫೆಂಟನಿಲ್ ಜಾತಿಯ ಮದ್ದುಗಳಿಂದ, ಸುಮಾರು 2,000 ಜನ ತೀರಿಕೊಂಡರು. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಕಪ್ಪು ಜನ, ಕೌಂಟಿಯ ಜನಸಂಖ್ಯೆಯಲ್ಲಿ ಅವರು ಕಾಲು ಭಾಗವೂ ಇಲ್ಲ. ಆ ತಾತಂದಿರ ಫೋಟೋ ಯಾವ ಟಿವಿಯಲ್ಲೂ ಬರುವುದಿಲ್ಲ ಬಿಡಿ.

ಎರಡೂ ಕಡೆ ಸಾಯುವ ರೀತಿ ಮಾತ್ರ ಒಂದೇ. ಒಬ್ಬರೇ ಇರುತ್ತಾರೆ, ಬಾಗಿಲು ಹಾಕಿಕೊಂಡಿರುತ್ತಾರೆ. ಅಲ್ಲಿ ಬಾಡಿಗೆ ಕೋಣೆ, ಇಲ್ಲಿ ಮಹಡಿಯ ಬೆಡ್‌ರೂಮ್. ಓಪಿಯಾಯ್ಡ್ ಮೆದುಳಿಗೆ "ಉಸಿರಾಡು" ಅನ್ನುವ ಸೂಚನೆಯನ್ನೇ ನಿಲ್ಲಿಸಿಬಿಡುತ್ತದೆ. ಪಕ್ಕದಲ್ಲಿ ಯಾರಾದರೂ ಇದ್ದರೆ ಬದುಕಿಸಬಹುದು. ದೊಡ್ಡ ಮನೆಯಲ್ಲಿ ಅಪ್ಪ ಅಮ್ಮ ಕೆಳಗೆ ಟಿವಿ ನೋಡುತ್ತಿರುತ್ತಾರೆ, ಮಗ ಮೇಲೆ ಗೊರಕೆ ಹೊಡೆಯುತ್ತಿದ್ದಾನೆ ಅಂದುಕೊಳ್ಳುತ್ತಾರೆ. ಆ ಗೊರಕೆ ಕೇಳಿದರೆ ಹೋಗಿ ನೋಡಿ. ಗೊರ್ ಗೊರ್ ಅಂತ ನೀರು ಸಿಕ್ಕಿಕೊಂಡ ಹಾಗಿರುತ್ತದೆ.

---

ಮಾತ್ರೆ ಅಂಗಡಿ ಉತ್ತರ:

ನಾನು ಫಾರ್ಮಸಿಸ್ಟ್, ಓಹಾಯೋದಲ್ಲಿದ್ದೇನೆ. ಹಲ್ಲಿನ ವಿಷಯಕ್ಕೆ ಮೊದಲು ಬರುತ್ತೇನೆ, ಯಾಕೆಂದರೆ ಅದಕ್ಕೆ ನೇರ ಉತ್ತರ ಇದೆ. ವಿಸ್ಡಮ್ ಟೂತ್ ನೋವಿಗೆ ಐಬುಪ್ರೊಫೆನ್ ಮತ್ತು ಟೈಲೆನಾಲ್ (ಊರಿನ ಪ್ಯಾರಾಸಿಟಮಾಲ್) ಎರಡನ್ನೂ ಸೇರಿಸಿ ಕೊಟ್ಟರೆ ಹೆಚ್ಚಿನವರಿಗೆ ಸಾಕು. ಅಮೆರಿಕನ್ ಡೆಂಟಲ್ ಅಸೋಸಿಯೇಷನ್ ಕೂಡ ಮೊದಲು ಅದನ್ನೇ ಕೊಡಿ ಅನ್ನುತ್ತದೆ. ಮಗನಿಗೆ ಹೊಟ್ಟೆ ಹುಣ್ಣು, ಕಿಡ್ನಿ ತೊಂದರೆ ಏನಾದರೂ ಇದ್ದರೆ ಮಾತ್ರ ಕೇಳಿಕೊಳ್ಳಿ. ಡೆಂಟಿಸ್ಟ್‌ಗೆ ಫೋನ್ ಮಾಡಿ, "ನಮಗೆ ಓಪಿಯಾಯ್ಡ್ ಬೇಡ, ಬೇರೆ ಹೇಳಿ" ಅನ್ನಿ. ಇದರಲ್ಲಿ ಮುಜುಗರ ಏನೂ ಇಲ್ಲ. ಅಕಸ್ಮಾತ್ ತಗೊಳ್ಳಲೇಬೇಕಾಗಿ ಬಂದರೆ 20 ಯಾಕೆ, ಎರಡು ಮೂರು ದಿನಕ್ಕೆ ಆಗುವಷ್ಟು ಸಾಕು. ಫಾರ್ಮಸಿಯಲ್ಲಿ ಕಡಿಮೆ ಕೊಡಿ ಅಂತ ಕೇಳಬಹುದು. ಉಳಿದದ್ದನ್ನು ಮೆಡಿಸಿನ್ ಕ್ಯಾಬಿನೆಟ್‌ನಲ್ಲಿ "ಮುಂದೆ ಬೇಕಾಗಬಹುದು" ಅಂತ ಇಡಬೇಡಿ. ನಮ್ಮ ಜನಕ್ಕೆ ಔಷಧಿ ಎಸೆಯಲು ಮನಸ್ಸೇ ಬರಲ್ಲ ಅಲ್ವಾ, ಉಪ್ಪಿನಕಾಯಿ ಜಾಡಿ ಥರ ವರ್ಷಗಟ್ಟಲೆ ಕಾಪಾಡುತ್ತೇವೆ. ಫಾರ್ಮಸಿಯಲ್ಲಿ, ಪೊಲೀಸ್ ಠಾಣೆಯಲ್ಲಿ ಹಾಕುವ ಡಬ್ಬಿ ಇರುತ್ತದೆ, ಹಾಕಿ ಬನ್ನಿ. ಊರಿಂದ ಅತ್ತೆ ಮಾವ ಬಂದಾಗ ತಂದ ಟ್ರಮಡಾಲ್ ಇದ್ದರೆ ಅದೂ ಇದೇ ಜಾತಿಯದ್ದು.

ಈಗ, ಒಳ್ಳೆಯ ಮನೆಗಳಿಗೆ ಇದು ಹೇಗೆ ಬಂತು ಅನ್ನುವುದು. ರಾತ್ರಿಪಾಳಿ ಅವರು ರಸ್ತೆ ಹೇಳಿದರು. ನಾನು ಚೀಟಿ ಹೇಳುತ್ತೇನೆ.

1996ರಲ್ಲಿ ಪರ್ಡ್ಯೂ ಫಾರ್ಮಾ ಅನ್ನುವ ಕಂಪನಿ ಆಕ್ಸಿಕಾಂಟಿನ್ ಅನ್ನುವ ಓಪಿಯಾಯ್ಡ್ ನೋವಿನ ಮಾತ್ರೆ ಮಾರಲು ಶುರು ಮಾಡಿತು. ಅದರ ಸೇಲ್ಸ್‌ನವರು ಡಾಕ್ಟರುಗಳಿಗೆ "ನೋವಿರುವವರಿಗೆ ಕೊಟ್ಟರೆ ಚಟ ಹತ್ತುವುದು ನೂರಕ್ಕೆ ಒಬ್ಬರಿಗೂ ಇಲ್ಲ" ಅಂತ ಹೇಳಿಕೊಂಡು ತಿರುಗಿದರು. ಆಗ ಹೀಗೆ ಹೇಳುವವರೆಲ್ಲ ತೋರಿಸುತ್ತಿದ್ದ ಆಧಾರ ಏನು ಗೊತ್ತಾ? 1980ರಲ್ಲಿ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಐದು ವಾಕ್ಯದ ಪತ್ರ. ಆಸ್ಪತ್ರೆಯಲ್ಲಿ ಮಲಗಿದ್ದ ರೋಗಿಗಳ ಬಗ್ಗೆ ಬರೆದದ್ದು, ಮನೆಗೆ ತಿಂಗಳುಗಟ್ಟಲೆ ಮಾತ್ರೆ ಕೊಟ್ಟು ಕಳಿಸಿದವರ ಬಗ್ಗೆ ಅಲ್ಲವೇ ಅಲ್ಲ. ಅದರ ಮೇಲೆ ಕೋಟಿಗಟ್ಟಲೆ ಮಾತ್ರೆ ಹರಿದುಹೋಯಿತು. ವೆಸ್ಟ್ ವರ್ಜೀನಿಯಾದ ಕರ್ಮಿಟ್ ಅನ್ನುವ ಹಳ್ಳಿಯಲ್ಲಿ ಇರುವುದು ಸುಮಾರು 400 ಜನ. ಅಲ್ಲಿನ ಒಂದು ಫಾರ್ಮಸಿಗೆ ಎರಡು ವರ್ಷದಲ್ಲಿ ಬಂದ ಹೈಡ್ರೋಕೊಡೋನ್ ಮಾತ್ರೆ ಸುಮಾರು 90 ಲಕ್ಷ. ಇದನ್ನು ಬಯಲು ಮಾಡಿದ ಚಾರ್ಲ್ಸ್‌ಟನ್ನಿನ ಪತ್ರಕರ್ತ ಎರಿಕ್ ಐರ್‌ಗೆ 2017ರಲ್ಲಿ ಪುಲಿಟ್ಜರ್ ಪ್ರಶಸ್ತಿ ಬಂತು. ಗಣಿ ಕಾರ್ಮಿಕರ ಬೆನ್ನುನೋವಿಗೂ ಅದೇ ಮಾತ್ರೆ, ಸಬರ್ಬ್‌ನ ಫುಟ್‌ಬಾಲ್ ಹುಡುಗನ ಮೊಣಕಾಲಿಗೂ ಅದೇ ಮಾತ್ರೆ. ಇನ್ಶೂರೆನ್ಸ್ ಇದ್ದವರಿಗೆ ಚೀಟಿ ಸುಲಭವಾಗಿ ಸಿಗುತ್ತಿತ್ತು. ಕಪ್ಪು ರೋಗಿಗಳಿಗೆ ಡಾಕ್ಟರುಗಳು ನೋವಿನ ಮಾತ್ರೆ ಕೊಡಲು ಹಿಂದೆಮುಂದೆ ನೋಡುತ್ತಿದ್ದರು, ಹಾಗಾಗಿ ಮೊದಲ ಅಲೆ ಬಿಳಿಯರಿಗೇ ಜಾಸ್ತಿ ಬಡಿಯಿತು. ತಾರತಮ್ಯ ಒಮ್ಮೊಮ್ಮೆ ಹೀಗೂ ಕೆಲಸ ಮಾಡುತ್ತದೆ.

2010ರಲ್ಲಿ ಕಂಪನಿ ಮಾತ್ರೆಯನ್ನು ಬದಲಾಯಿಸಿತು. ಪುಡಿ ಮಾಡಿ ಸೇದಲು ಆಗದಂತೆ ಗಟ್ಟಿ ಮಾಡಿತು. ಚೀಟಿಗಳೂ ಬಿಗಿಯಾದವು. ಚಟ ಹತ್ತಿದವರು ಎಲ್ಲಿ ಹೋಗಬೇಕು? ಕಳ್ಳಮಾರುಕಟ್ಟೆಯಲ್ಲಿ 80 ಮಿಲಿಗ್ರಾಂ ಮಾತ್ರೆ ಒಂದಕ್ಕೆ 60-80 ಡಾಲರ್ ಕೇಳುತ್ತಿದ್ದರು, ಹೆರಾಯಿನ್ ಪೊಟ್ಟಣ 10 ಡಾಲರ್. 2010ರಲ್ಲಿ ದೇಶದಲ್ಲಿ ಹೆರಾಯಿನ್‌ನಿಂದ ಸತ್ತವರು ಸುಮಾರು 3,000. 2017ರ ಹೊತ್ತಿಗೆ 15,000 ದಾಟಿತ್ತು. ಚಿಕಿತ್ಸೆಗೆ ಬಂದವರನ್ನು ಕೇಳಿ ಮಾಡಿದ ಒಂದು ಅಧ್ಯಯನ 2014ರಲ್ಲಿ ಬಂತು. 1960ರ ದಶಕದಲ್ಲಿ ಶುರು ಮಾಡಿದವರಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಜನ ಮೊದಲು ಮುಟ್ಟಿದ್ದು ಹೆರಾಯಿನ್ನೇ. 2000ದ ನಂತರದವರಲ್ಲಿ ನೂರಕ್ಕೆ 75 ಜನ ಮೊದಲು ಮುಟ್ಟಿದ್ದು ಡಾಕ್ಟರ್ ಬರೆಯುವ ಮಾತ್ರೆ. ಮನೆಯವರದ್ದೋ, ಸ್ನೇಹಿತರದ್ದೋ.

ಈಗಿನ ಹುಡುಗರಿಗೆ ಅದೂ ಬೇಕಿಲ್ಲ. ಫೋನಿನಲ್ಲೇ ಪರ್ಕೊಸೆಟ್ (ನೋವಿನ ಮಾತ್ರೆ) ಅಂತ, ಝ್ಯಾನಾಕ್ಸ್ (ಆತಂಕದ ಮಾತ್ರೆ) ಅಂತ ನೀಲಿ ಬಿಳಿ ಮಾತ್ರೆ ತರಿಸುತ್ತಾರೆ. ಅಚ್ಚು ಒತ್ತಿದ ನಕಲಿ, ಒಳಗೆ ಫೆಂಟನಿಲ್. ಮಗನಿಗೆ ಹೇಳಬೇಕಾದ ಮೊದಲ ಮಾತು ಇದು. ಫಾರ್ಮಸಿಯಿಂದ ನಿನ್ನ ಹೆಸರಿಗೆ ಬರದ ಮಾತ್ರೆ, ಪರೀಕ್ಷೆ ಹಿಂದಿನ ರಾತ್ರಿ ಗೆಳೆಯ ಕೊಟ್ಟ ಒಂದೇ ಒಂದು ಅಡರಾಲ್ (ಗಮನ ಹೆಚ್ಚಿಸುವ ಮಾತ್ರೆ) ಆದರೂ, ಬೇಡ.

---

ಹಳೇ ಮೈಸೂರು ಉತ್ತರ:

ಎಲ್ಲ ಓದಿದೆ. ಕಂಪನಿ, ಹೈವೇ, ಸರ್ಕಾರ, ಎಲ್ಲರ ಮೇಲೂ ತಪ್ಪು ಹೊರಿಸಿದಿರಿ. ಮನೆಯಲ್ಲಿ ಸಂಸ್ಕಾರ ಇದ್ದರೆ ಮಕ್ಕಳು ಆ ಕಡೆ ತಲೆ ಹಾಕುತ್ತಾರಾ? ನಮ್ಮ ಕಾಲದಲ್ಲಿ ಅಪ್ಪ ಕಣ್ಣು ಬಿಟ್ಟರೆ ಸಾಕಿತ್ತು. ಇಲ್ಲಿ ಹದಿನಾರಕ್ಕೆ ಕಾರು, ಕೈಗೆ ಕಾರ್ಡು, ರೂಮಿಗೆ ಬೀಗ. ನಾನಾಗಿದ್ದರೆ ಅಂಥ ಹುಡುಗನನ್ನು ಮೊದಲ ವಿಮಾನ ಹತ್ತಿಸಿ ಊರಿಗೆ, ಅಜ್ಜಿ ಮನೆಗೆ ಕಳಿಸುತ್ತಿದ್ದೆ. ಆರು ತಿಂಗಳು ಮುದ್ದೆ ಸಾರು ತಿಂದು, ಬೆಳಿಗ್ಗೆ ಎದ್ದು ಸೂರ್ಯನಮಸ್ಕಾರ ಮಾಡಿದರೆ ಎಲ್ಲ ಇಳಿಯುತ್ತದೆ. ಕೋಪ ಬಂದರೆ ಕ್ಷಮಿಸಿ.

---

ಬಿಳಿಗಿರಿ ಉತ್ತರ:

ಹಳೇ ಮೈಸೂರು ಸರ್, ಕೋಪ ಇಲ್ಲ. ಆದರೆ ನೀವು ಹೇಳಿದ ಉಪಾಯದಿಂದಲೇ ಜನ ಸಾಯುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಅಕ್ಕನ ಮಗ ನ್ಯೂಜೆರ್ಸಿಯಲ್ಲಿ. ಮನೆಯಲ್ಲಿ ದಿನಾ ದೀಪ ಹಚ್ಚುತ್ತಾರೆ, ಹುಡುಗನಿಗೆ ವಿಷ್ಣುಸಹಸ್ರನಾಮ ಬಾಯಿಪಾಠ. ಭುಜದ ಆಪರೇಷನ್ ಆಯಿತು, ಮಾತ್ರೆ ಬಂತು, ಅಲ್ಲಿಂದ ಶುರು. ಅಕ್ಕ ಭಾವ ಮೊದಲು ಮಾಡಿದ್ದೂ ಬೈಗುಳ, ಆಮೇಲೆ ಮೌನ, ಆಮೇಲೆ ಬಹಳ ದುಬಾರಿಯ ರಿಹ್ಯಾಬ್. ಸಮುದ್ರ ಕಾಣುವ ಕೋಣೆ, ಯೋಗ, ಕುದುರೆ ಜೊತೆ ಓಡಾಟ, ಸುಮಾರು ಒಂದು ತಿಂಗಳು. ಹುಡುಗ ಕೆಂಪಗೆ, ಚೆನ್ನಾಗಿ ಆಗಿ ಬಂದ. ಎಲ್ಲರೂ ನಿಟ್ಟುಸಿರು ಬಿಟ್ಟೆವು. ಎರಡೇ ವಾರದಲ್ಲಿ ಬಾತ್‌ರೂಮಿನಲ್ಲಿ ಬಿದ್ದಿದ್ದ. ಪೊಲೀಸಿನವನ ಹತ್ತಿರ ನಾರ್ಕಾನ್ ಇತ್ತು, ಉಳಿದ.

ಯಾಕೆ ಹಾಗಾಯಿತು ಅಂತ ಆಮೇಲೆ ಒಬ್ಬ ಡಾಕ್ಟರ್ ಬಿಡಿಸಿ ಹೇಳಿದರು. ದಿನಾ ತಗೊಳ್ಳುವ ದೇಹ ಅದಕ್ಕೆ ಒಗ್ಗಿಕೊಂಡಿರುತ್ತದೆ. ಒಂದು ತಿಂಗಳು ಬಿಟ್ಟರೆ ಆ ಒಗ್ಗಿಕೆ ಹೋಗುತ್ತದೆ, ಆಸೆ ಹೋಗುವುದಿಲ್ಲ. ಹೊರಗೆ ಬಂದವನು ಹಳೇ ಅಳತೆಯಲ್ಲೇ ತಗೊಳ್ಳುತ್ತಾನೆ, ಈಗ ಅದೇ ಅಳತೆ ಕೊಲ್ಲುತ್ತದೆ. ಜೈಲಿನಿಂದ ಬಂದವರಿಗೂ ಇದೇ ಕಥೆ. ವಾಷಿಂಗ್ಟನ್ ರಾಜ್ಯದಲ್ಲಿ ಬಿಡುಗಡೆಯಾದ ಕೈದಿಗಳನ್ನು ನೋಡಿ 2007ರಲ್ಲಿ ಬರೆದಿದ್ದಾರೆ. ಹೊರಬಂದ ಮೊದಲ ಎರಡು ವಾರದಲ್ಲಿ ಅವರು ಓವರ್‌ಡೋಸ್‌ನಿಂದ ಸಾಯುವ ಅಪಾಯ ಸಾಮಾನ್ಯ ಜನರಿಗಿಂತ 129 ಪಟ್ಟು ಜಾಸ್ತಿ ಇತ್ತು. ಲಕ್ಷಾಂತರ ಡಾಲರ್ ರಿಹ್ಯಾಬ್ ಆಗಲಿ, ಕುಕ್ ಕೌಂಟಿ ಜೈಲಾಗಲಿ, ನಿಮ್ಮ ಅಜ್ಜಿ ಮನೆಯಾಗಲಿ, ಔಷಧಿ ಇಲ್ಲದೆ ಸುಮ್ನೆ ಬಿಡಿಸಿ ಹೊರಗೆ ಬಿಟ್ಟರೆ ದೇಹಕ್ಕೆ ಮೂರೂ ಒಂದೇ ಲೆಕ್ಕ.

ಈಗ ಅವನು ಬುಪ್ರನಾರ್ಫಿನ್ ಅನ್ನುವ, ಈ ಚಟಕ್ಕೇ ಕೊಡುವ ಔಷಧಿ ತಗೊಳ್ಳುತ್ತಾನೆ, ನಾಲಿಗೆ ಕೆಳಗೆ ಇಡುವ ಪಟ್ಟಿ. ನಡುಕ, ವಾಂತಿ, ಮೈಕೈ ನೋವು ಇಲ್ಲ, ನಶೆಯೂ ಇಲ್ಲ. ಕೆಲಸಕ್ಕೆ ಹೋಗುತ್ತಾನೆ. "ಒಂದು ಬಿಟ್ಟು ಇನ್ನೊಂದು ಹಿಡಿದ" ಅಂತ ಭಾವನ ಕಡೆಯವರು ಈಗಲೂ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ, ಹುಡುಗ ಇದ್ದಾನಲ್ಲ.

ಇಲ್ಲೂ ಬಡವ ಬಲ್ಲಿದ ಲೆಕ್ಕ ಇದೆ ನೋಡಿ. ಇವನು ಡಾಕ್ಟರ್ ಜೊತೆ ವಿಡಿಯೋ ಕಾಲ್ ಮಾಡಿ ತಿಂಗಳ ಔಷಧಿ ತಗೊಳ್ಳುತ್ತಾನೆ. ಅದೇ ಚಟಕ್ಕೆ ಇನ್ನೊಂದು ಔಷಧಿ ಮೆಥಡೋನ್. ಅದನ್ನು ವಿಶೇಷ ಕ್ಲಿನಿಕ್‌ಗಳಲ್ಲಿ ಮಾತ್ರ ಕೊಡುತ್ತಾರೆ, ಅವು ಹೆಚ್ಚಾಗಿ ಇರುವುದು ಬಡವರ ಬಡಾವಣೆಗಳಲ್ಲಿ. ಹೊಸಬರು ಬೆಳಿಗ್ಗೆ ಐದೂವರೆಗೇ ಸಾಲು ನಿಂತು, ನರ್ಸ್ ಎದುರಿಗೆ ಕುಡಿದು, ಬಾಯಿ ತೆರೆದು ತೋರಿಸಿ, ಆಮೇಲೆ ಬಸ್ ಹಿಡಿದು ಕೆಲಸಕ್ಕೆ ಓಡಬೇಕು. ಒಂದು ದಿನ ಬಸ್ ತಪ್ಪಿದರೆ ಔಷಧಿಯೂ ತಪ್ಪಿತು. ಕೋವಿಡ್ ನಂತರ ಮನೆಗೆ ಕೊಡುವ ನಿಯಮ ಸಡಿಲವಾಗಿದೆ, ಆದರೂ ಎಷ್ಟು ಕ್ಲಿನಿಕ್‌ನವರು ಪಾಲಿಸುತ್ತಾರೋ ಅವರವರಿಗೆ ಬಿಟ್ಟದ್ದು. ಕಾನೂನಿನಲ್ಲೂ ಹೀಗೇ. 1986ರಲ್ಲಿ ಬಡ ಬಡಾವಣೆಗಳ ಕ್ರ್ಯಾಕ್‌ಗೆ (ಸೇದುವ ಕೊಕೇನ್), ಪುಡಿ ಕೊಕೇನ್‌ನ ನೂರನೇ ಒಂದು ಭಾಗ ತೂಕ ಇದ್ದರೂ ಅದೇ ಶಿಕ್ಷೆ ಅಂತ ಬರೆದರು. ಬಿಳಿ ಸಬರ್ಬ್‌ಗಳಲ್ಲಿ ಹೆರಾಯಿನ್ ಬಂದಾಗ "ಇದು ಕಾಯಿಲೆ, ಚಿಕಿತ್ಸೆ ಕೊಡಬೇಕು" ಅಂದರು. ಈಗ ಹೇಳಿದ್ದೇ ಸರಿ. ಆಗ ಯಾಕೆ ಹೇಳಲಿಲ್ಲ ಅಂತ ವೆಸ್ಟ್ ಸೈಡ್‌ನ ತಾಯಂದಿರು ಕೇಳಿದರೆ ಯಾರಿಗೂ ಉತ್ತರ ಇಲ್ಲ.

ಸಂಸ್ಕಾರದ ಮಾತಿಗೆ ಒಂದು ಉದಾಹರಣೆ. ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕದ ಸೈನಿಕರಲ್ಲಿ ಐವರಲ್ಲಿ ಒಬ್ಬರಿಗೆ ಹೆರಾಯಿನ್ ಥರದ ಚಟ ಹತ್ತಿತ್ತು. ಲೀ ರಾಬಿನ್ಸ್ ಅನ್ನುವ ಸಂಶೋಧಕಿ ಅವರು ವಾಪಸ್ ಬಂದ ಮೇಲೆ ಹುಡುಕಿಕೊಂಡು ಹೋಗಿ ನೋಡಿದರು. ಬಹುತೇಕ ಜನ ಬಿಟ್ಟಿದ್ದರು. ಅಲ್ಲಿ ಸಂಸ್ಕಾರ ಕೆಟ್ಟಿತ್ತು, ಇಲ್ಲಿ ಬಂದ ತಕ್ಷಣ ಸರಿಹೋಯಿತಾ? ಸುತ್ತಲಿನದ್ದು ಬದಲಾಗಿತ್ತು. ಕೈಗೆ ಸಿಗುತ್ತಿರಲಿಲ್ಲ, ಮನೆ ಇತ್ತು, ಕೆಲಸ ಇತ್ತು.

---

ನಾಲ್ಕನೇ ಬ್ಲಾಕ್ ಉತ್ತರ:

ಬೆಂಗಳೂರಿನಿಂದ. ವ್ಯಸನ ಬಿಡಿಸುವ ಕೇಂದ್ರದಲ್ಲಿ ಸಮಾಜ ಕಾರ್ಯಕರ್ತೆಯಾಗಿದ್ದೇನೆ. "ಊರಿಗೆ ಕಳಿಸಿ" ಅನ್ನುವ ವಿಷಯ ಬಂದದ್ದರಿಂದ ಬರೆಯುತ್ತಿದ್ದೇನೆ.

ಹೊರದೇಶದಿಂದ ಹೀಗೆ ಕಳಿಸಿದ ಮಕ್ಕಳನ್ನು ನಾವು ನೋಡುತ್ತೇವೆ. ಅಜ್ಜಿಗೆ ವಿಷಯವನ್ನೇ ಹೇಳಿರುವುದಿಲ್ಲ, "ಓದಿನ ಒತ್ತಡ" ಅಂತ ಹೇಳಿರುತ್ತಾರೆ. ಹುಡುಗ ನಡುಗುತ್ತಾ, ಬೇಧಿ ಮಾಡಿಕೊಳ್ಳುತ್ತಾ ಮಲಗಿದ್ದರೆ ಅಜ್ಜಿ ಶುಂಠಿ ಕಷಾಯ ಕೊಡುತ್ತಾರೆ. ಬುಪ್ರನಾರ್ಫಿನ್ ತಗೊಳ್ಳುತ್ತಿದ್ದವನು ಅದನ್ನು ಅಲ್ಲೇ ಬಿಟ್ಟು ಬಂದಿರುತ್ತಾನೆ. ಭಾರತದಲ್ಲೂ ಅದು ಸಿಗುತ್ತದೆ. ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಪ್ರತ್ಯೇಕ ಕೇಂದ್ರ ಇದೆ, ಬಡವರೂ ಶ್ರೀಮಂತರೂ ಒಂದೇ ಬೆಂಚಿನಲ್ಲಿ ಕೂತು ಕಾಯುತ್ತಾರೆ. ಆದರೆ ಮೊದಲೇ ಮಾತಾಡಿ ವ್ಯವಸ್ಥೆ ಮಾಡಿಕೊಳ್ಳಬೇಕು, ವಿಮಾನ ಇಳಿದ ಮೇಲೆ ಅಲ್ಲ.

ಇನ್ನು, ಭಾರತದಲ್ಲಿ ಇದೆಲ್ಲ ಇಲ್ಲ ಅಂದುಕೊಳ್ಳಬೇಡಿ. ಏಮ್ಸ್‌ನವರು 2019ರಲ್ಲಿ ಕೇಂದ್ರ ಸರ್ಕಾರಕ್ಕೆ ಕೊಟ್ಟ ವರದಿಯಲ್ಲಿ ಓಪಿಯಾಯ್ಡ್ ಬಳಸುವವರು ಸುಮಾರು ಎರಡೂಕಾಲು ಕೋಟಿ ಅಂತ ಇದೆ, ಅಫೀಮಿಗಿಂತ ಹೆರಾಯಿನ್ ಬಳಸುವವರೇ ಜಾಸ್ತಿ. ಪಂಜಾಬಿನಲ್ಲಿ "ಚಿಟ್ಟಾ" ಅಂತಾರೆ. ಜಮೀನ್ದಾರನ ಮಗನೂ ಅದನ್ನೇ ತಗೊಳ್ಳುತ್ತಾನೆ, ಅವನ ಗದ್ದೆಯಲ್ಲಿ ದುಡಿಯುವ ಕೂಲಿಯವನೂ ಅದನ್ನೇ ತಗೊಳ್ಳುತ್ತಾನೆ. ಮಗನನ್ನು ಖಾಸಗಿ ಕೇಂದ್ರಕ್ಕೆ ಸೇರಿಸುತ್ತಾರೆ. ಕೂಲಿಯವನು ಸರ್ಕಾರಿ ಕ್ಲಿನಿಕ್‌ನ ಸಾಲಿನಲ್ಲಿ ನಿಂತರೆ ಅರ್ಧ ದಿನದ ಕೂಲಿ ಹೋಯಿತು. ಕರ್ನಾಟಕದಲ್ಲಿ ನಾವು ಹೆಚ್ಚಾಗಿ ನೋಡುವುದು ನೋವಿನ ಮಾತ್ರೆ, ಟ್ಯಾಪೆಂಟಡಾಲ್ ಥರದ್ದು. ಮೆಡಿಕಲ್ ಶಾಪ್‌ನಲ್ಲಿ ಚೀಟಿ ಇಲ್ಲದೆ ತಗೊಂಡು, ಕರಗಿಸಿ ಚುಚ್ಚಿಕೊಳ್ಳುವ ಹುಡುಗರು.

ಹಾಗಾಗಿ ಅಜ್ಜಿ ಮನೆಯ ಮುದ್ದೆ ಒಳ್ಳೆಯದೇ ಸರ್, ಔಷಧಿಯ ಜೊತೆಗೆ ಕೊಡಿ.

---

ಹಳೇ ಮೈಸೂರು ಉತ್ತರ:

ಔಷಧಿ ವಿಷಯ ಗೊತ್ತಿರಲಿಲ್ಲ, ಸರಿ. ರೂಮಿನ ಬೀಗದ ಬಗ್ಗೆ ನನ್ನ ಮಾತು ಈಗಲೂ ಅದೇ.

---

ರಾತ್ರಿಪಾಳಿ ಉತ್ತರ:

ಬೀಗದ ವಿಷಯದಲ್ಲಿ ನಾನು ನಿಮ್ಮ ಪಕ್ಷ ಸರ್ 😀

---

ತುಂಗಾತೀರ ಉತ್ತರ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಡೆಂಟಿಸ್ಟ್‌ಗೆ ಫೋನ್ ಮಾಡಿದೆ, "ಓ, ಬೇಡವಾದರೆ ಬೇಡ, ಐಬುಪ್ರೊಫೆನ್ ಸಾಕು" ಅಂದರು. ಅಷ್ಟು ಸುಲಭವಾಗಿದ್ದರೆ ಮೊದಲು ಯಾಕೆ ಬರೆದರು?

ಮಗನ ಜೊತೆ ಕಾರಿನಲ್ಲಿ ಮಾತಾಡಿದೆ. ನಕಲಿ ಮಾತ್ರೆ ವಿಷಯ ನನಗಿಂತ ಅವನಿಗೇ ಜಾಸ್ತಿ ಗೊತ್ತು, ಸ್ಕೂಲಿನಲ್ಲಿ ಹೇಳಿದ್ದಾರಂತೆ. ತೀರಿಕೊಂಡ ಹುಡುಗನ ವಿಷಯವೂ ಅವನಿಗೆ ನಮಗಿಂತ ಮೊದಲೇ ಗೊತ್ತಿತ್ತು. ಮಕ್ಕಳಿಗೆಲ್ಲ ಗೊತ್ತಂತೆ.

ಈ ನಾರ್ಕಾನ್ ಮನೆಯಲ್ಲಿ ಇಡಬೇಕಾ? ಚೀಟಿ ಬೇಕಾ? ತಪ್ಪಾಗಿ ಕೊಟ್ಟರೆ ಏನಾದರೂ ಆಗುತ್ತದಾ? 911ಗೆ ಫೋನ್ ಮಾಡಿದರೆ ಪೊಲೀಸ್ ಬಂದು ಮಗನನ್ನೋ, ಅವನ ಗೆಳೆಯನನ್ನೋ ಹಿಡಿಯುತ್ತಾರಾ? ನಮ್ಮಲ್ಲಿ ಕೆಲವರು ಎಚ್1ಬಿ, ಗ್ರೀನ್ ಕಾರ್ಡ್ ಅಂತ ಹೆದರುತ್ತಾರೆ.

---

ರಾತ್ರಿಪಾಳಿ ಉತ್ತರ:

ಇಡಿ. ಚೀಟಿ ಬೇಡ. 2023ರಿಂದ ಅಂಗಡಿಯಲ್ಲಿ ಹಾಗೇ ಸಿಗುತ್ತದೆ, ಎರಡು ಸ್ಪ್ರೇ ಇರುವ ಪೆಟ್ಟಿಗೆ ಸುಮಾರು 45 ಡಾಲರ್. ಆರೋಗ್ಯ ಇಲಾಖೆಯವರು, ಕೆಲವು ಲೈಬ್ರರಿಗಳು ಬಿಟ್ಟಿ ಕೊಡುತ್ತಾರೆ, ಕೇಳಿ ನೋಡಿ.

ಓಪಿಯಾಯ್ಡ್ ತಗೊಳ್ಳದವರಿಗೆ ಕೊಟ್ಟರೂ ತೊಂದರೆ ಆಗುವುದಿಲ್ಲ, ಅನುಮಾನ ಇದ್ದರೆ ಕೊಟ್ಟುಬಿಡಿ. ಮೊದಲು ಜೋರಾಗಿ ಹೆಸರು ಕೂಗಿ. ಎದೆ ಮಧ್ಯದ ಮೂಳೆಯನ್ನು ಬೆರಳ ಗೆಣ್ಣಿನಿಂದ ಗಟ್ಟಿಯಾಗಿ ಉಜ್ಜಿ. ಏಳದಿದ್ದರೆ 911. ಒಂದು ಹೊಳ್ಳೆಗೆ ಒಂದು ಸ್ಪ್ರೇ ಪೂರ್ತಿ ಒತ್ತಿ. ಉಸಿರಿಲ್ಲದಿದ್ದರೆ ಬಾಯಿಗೆ ಬಾಯಿ ಇಟ್ಟು ಉಸಿರು ಕೊಡಿ, ಫೋನಿನಲ್ಲಿ ಇರುವವರು ಹೇಗೆ ಅಂತ ಹೇಳಿಕೊಡುತ್ತಾರೆ. ಎರಡು ಮೂರು ನಿಮಿಷದಲ್ಲಿ ಬದಲಾವಣೆ ಇಲ್ಲದಿದ್ದರೆ ಇನ್ನೊಂದು ಹೊಳ್ಳೆಗೆ ಎರಡನೆಯದು. ಉಸಿರು ಬಂದ ಮೇಲೆ ಮಗ್ಗುಲಾಗಿ ಮಲಗಿಸಿ. ಎದ್ದು ಕೂತು "ನಾನು ಸರಿಯಾಗಿದ್ದೇನೆ, ಹೋಗಿ" ಅಂದರೂ ಬಿಡಬೇಡಿ. ನಾರ್ಕಾನ್ ಕೆಲಸ ಮಾಡುವುದು ಅರ್ಧ ಗಂಟೆಯಿಂದ ಒಂದೂವರೆ ಗಂಟೆ, ಒಳಗಿನ ಮಾಲು ಅದಕ್ಕಿಂತ ಹೆಚ್ಚು ಹೊತ್ತು ಇರಬಹುದು. ಇನ್ನೊಂದು, ಪುಸ್ತಕದಲ್ಲಿ ತುಟಿ ನೀಲಿ ಆಗುತ್ತದೆ ಅಂತ ಇರುತ್ತದೆ. ನಮ್ಮ ಬಣ್ಣದವರಲ್ಲಿ ನೀಲಿ ಸರಿಯಾಗಿ ಕಾಣುವುದಿಲ್ಲ. ಬೂದಿ ಬಣ್ಣ ಆಗುತ್ತದೆ. ತುಟಿಯ ಒಳಭಾಗ, ಉಗುರು ನೋಡಿ.

ಇಲಿನಾಯ್‌ನಲ್ಲಿ 2012ರಿಂದ ಕಾನೂನು ಇದೆ. ಓವರ್‌ಡೋಸ್‌ಗೆ ಸಹಾಯ ಕೇಳಿ ಫೋನ್ ಮಾಡಿದವರ ಮೇಲೆ, ಬಿದ್ದವರ ಮೇಲೆ, ಸಣ್ಣ ಪ್ರಮಾಣ ಇಟ್ಟುಕೊಂಡ ಕೇಸ್ ಹಾಕುವುದಿಲ್ಲ. ವೀಸಾ ಪ್ರಶ್ನೆಯನ್ನು ಆಮೇಲೆ ವಕೀಲರ ಹತ್ತಿರ ಕೇಳಿ. ಉಸಿರು ನಿಂತು ನಾಲ್ಕೈದು ನಿಮಿಷಕ್ಕೆ ಮೆದುಳಿಗೆ ಪೆಟ್ಟು ಬೀಳಲು ಶುರುವಾಗುತ್ತದೆ, ಆಗ ಯೋಚನೆ ಮಾಡುತ್ತಾ ನಿಲ್ಲಬೇಡಿ.

ಬೇಸಿಗೆಯಲ್ಲಿ ಕಾರಿನ ಡ್ಯಾಶ್‌ಬೋರ್ಡ್‌ನಲ್ಲಿ ಬಿಡಬೇಡಿ. ಎಲ್ಲಿದೆ ಅಂತ ಮನೆಯವರಿಗೆಲ್ಲ ಗೊತ್ತಿರಲಿ, ಮಗನಿಗೂ.

---

ಮಾತ್ರೆ ಅಂಗಡಿ ಉತ್ತರ:

ದೇಶದಲ್ಲಿ ಒಟ್ಟು ಓವರ್‌ಡೋಸ್ ಸಾವು 2022ರಲ್ಲಿ ಸುಮಾರು 1 ಲಕ್ಷ 8 ಸಾವಿರ ಇದ್ದದ್ದು 2024ರಲ್ಲಿ 80 ಸಾವಿರದ ಹತ್ತಿರಕ್ಕೆ ಇಳಿದಿದೆ. ಈ ಸ್ಪ್ರೇ ಎಲ್ಲ ಕಡೆ ಸಿಗುವಂತೆ ಆದದ್ದೂ ಅದಕ್ಕೆ ಒಂದು ಕಾರಣ ಅನ್ನುತ್ತಾರೆ. ಇಳಿಕೆ ಮಾತ್ರ ಎಲ್ಲ ಬಡಾವಣೆಯಲ್ಲೂ ಒಂದೇ ಥರ ಇಲ್ಲ.

---

ತುಂಗಾತೀರ ಉತ್ತರ:

ಎರಡು ಪೆಟ್ಟಿಗೆ ತಂದೆ. ಒಂದು ಮನೆಗೆ, ಒಂದು ನಮ್ಮ ಕನ್ನಡ ಕೂಟದ ಫಸ್ಟ್ ಏಡ್ ಪೆಟ್ಟಿಗೆಗೆ ಕೊಡೋಣ ಅಂತ. ತರಬೇತಿ ಕೂಡ ಒಂದು ಇಟ್ಟುಕೊಳ್ಳಬಹುದಾ ಅಂತ ಕಮಿಟಿಗೆ ಕೇಳಿದೆ. ಒಬ್ಬರು "ಯುಗಾದಿ ಕಾರ್ಯಕ್ರಮದಲ್ಲಿ ಇದೆಲ್ಲ ಅಪಶಕುನ" ಅಂದರು.

---

ಬಿಳಿಗಿರಿ ಉತ್ತರ:

ನಮ್ಮ ಕಡೆಯೂ ಹೀಗೇ ಅಂದರು. "ಫಸ್ಟ್ ಏಡ್ ತರಬೇತಿ" ಅಂತ ಬ್ಯಾನರ್ ಹಾಕಿ. ಸಿಪಿಆರ್ ಮೊದಲು, ಆಮೇಲೆ ಊಟ ಗಂಟಲಿಗೆ ಸಿಕ್ಕಿಕೊಂಡರೆ ಏನು ಮಾಡಬೇಕು ಅನ್ನುವುದು, ಮೂರನೆಯದಾಗಿ ಇದು. ಮುಖ್ಯ ಸಭಾಂಗಣದಲ್ಲಿ ಬೇಡ, ಅಲ್ಲಿ ಮೈಕ್ ಟೆಸ್ಟಿಂಗ್ ನಡುವೆ ಯಾರಿಗೂ ಕೇಳಿಸುವುದಿಲ್ಲ. ಊಟದ ಕ್ಯೂ ಪಕ್ಕ ಒಂದು ಟೇಬಲ್ ಕೇಳಿ. ಒಬ್ಬಟ್ಟಿಗೆ ಕಾಯುವವರು ಎಲ್ಲಿಗೂ ಹೋಗುವುದಿಲ್ಲ.